ಅಳಿಯನ ಸಿಇಟಿ ಪಾಸ್‌ವರ್ಡ್ ಪರರ ಕೈಗೆ ಕೊಟ್ಟೆ, ನೀವು ಕೊಡಬೇಡಿ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಚಿಕ್ಕ ಜೀನ್ಸ್ ಹೊಲಿಗೆ ಘಟಕವಿದೆ. ಎಂಟು ಯಂತ್ರ, ಒಂಬತ್ತು ಜನ. ಪ್ಯಾಂಟಿನ ಅಳತೆ ಅರ್ಧ ಇಂಚು ತಪ್ಪಿದರೂ ಕತ್ತರಿ ಹಿಡಿದವನನ್ನು ಕರೆದು ಕೇಳುವ ಮನುಷ್ಯ ನಾನು. ಅಂಥವನು ಅಕ್ಕನ ಮಗನ ನಾಲ್ಕು ವರ್ಷದ ಓದನ್ನು ಗುರುತು ಪರಿಚಯವಿಲ್ಲದ ಒಬ್ಬನ ಕೈಗೆ ಏನೊಂದೂ ಕೇಳದೆ ಒಪ್ಪಿಸಿಬಿಟ್ಟೆ. ಮೇಲೆ ಹನ್ನೆರಡು ಸಾವಿರ ರೂಪಾಯಿಯನ್ನೂ ಕೊಟ್ಟೆ. ಈ ವರ್ಷವೂ ಅದೇ ಹಂಗಾಮು ಬಂದಿದೆ, ಅದೇ ಬಗೆಯ ಬೋರ್ಡುಗಳು ಎದ್ದಿವೆ. ಅದಕ್ಕೇ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಅಕ್ಕನ ಊರು ಸಿರುಗುಪ್ಪ ತಾಲ್ಲೂಕಿನಲ್ಲಿ. ತುಂಗಭದ್ರಾ ಕಾಲುವೆಯ ನೀರು, ಭತ್ತದ ಗದ್ದೆ. ಹುಡುಗ ಪಿಯುಸಿ ಓದಿದ್ದು ನಮ್ಮ ಮನೆಯಲ್ಲಿದ್ದುಕೊಂಡು. 2024ರ ಏಪ್ರಿಲ್ 18 ಮತ್ತು 19ರಂದು ಸಿಇಟಿ ಬರೆದ. ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದವೆಂದು ರಾಜ್ಯವೆಲ್ಲ ಗದ್ದಲವೆದ್ದು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟ ವರ್ಷ ಅದು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕಗಳದ್ದು ಅರ್ಧ ಪಾಲು, ಸಿಇಟಿ ಅಂಕಗಳದ್ದು ಅರ್ಧ ಪಾಲು. ನಮ್ಮವನಿಗೆ ಪಿಯುಸಿ ಕೈಹಿಡಿಯಿತು, ಹದಿನಾಲ್ಕು ಸಾವಿರದ ಆಸುಪಾಸಿನಲ್ಲಿ ರ‍್ಯಾಂಕ್ ಬಂತು.

ಅವನ ಮನಸ್ಸು ಎಲೆಕ್ಟ್ರಿಕಲ್ ಮೇಲೆ. ಹೊಸಪೇಟೆಯ ಕಡೆ ಹೋಗುವಾಗಲೆಲ್ಲ ಕುಡಿತಿನಿಯ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ ಕಂಡರೆ ಬಸ್ಸಿನ ಕಿಟಕಿಗೆ ಮುಖ ಒತ್ತಿ ಕೂರುತ್ತಿದ್ದ. ಬೆಂಗಳೂರಿನ ಕೆ.ಆರ್. ವೃತ್ತದ ಯುವಿಸಿಇಯಲ್ಲಿ ಓದಬೇಕೆಂಬುದು ಅವನ ಆಸೆ. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಕಾಲೇಜು ಅದು. 2021ರ ಕಾಯ್ದೆಯ ಮೂಲಕ ಬೆಂಗಳೂರು ವಿಶ್ವವಿದ್ಯಾಲಯದಿಂದ ಹೊರಬಂದು ತಾನೇ ಒಂದು ವಿಶ್ವವಿದ್ಯಾಲಯವಾಗಿದೆ. ಭಾವನ ಲೆಕ್ಕ ಬೇರೆ: ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಇದೆಯಲ್ಲ, ಗದ್ದೆಗೂ ಒದಗುತ್ತದೆ, ಹುಡುಗ ಕೈಗೂ ಸಿಗುತ್ತಾನೆ. ಅಕ್ಕನಿಗೆ ಗಂಗಾವತಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಾದರೂ ಸಾಕು, ವಾರಕ್ಕೊಮ್ಮೆ ರೊಟ್ಟಿ ಬುತ್ತಿ ಕಳಿಸಬಹುದು. ಮೂರೂ ಒಳ್ಳೆಯ ದಾರಿಗಳೇ. ಮೂರನ್ನೂ ಬಿಟ್ಟು ನಾಲ್ಕನೆಯದನ್ನು ಹಿಡಿಸಿದವನು ನಾನು.

ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಪ್ರವೇಶ ಮಾರ್ಗದರ್ಶನ ಕೇಂದ್ರ. ಎಸಿ ಇದೆ, ಗೋಡೆಯ ತುಂಬ ಹಾರ ಹಾಕಿಸಿಕೊಂಡ ಮಕ್ಕಳ ಫೋಟೊಗಳಿವೆ. ಯಾರ ಮಕ್ಕಳೋ, ಇಂದಿಗೂ ಗೊತ್ತಿಲ್ಲ. ಅಲ್ಲಿದ್ದವನು ನನ್ನನ್ನು 'ಸರ್' ಎಂದ, ಅಕ್ಕನನ್ನು 'ಅಮ್ಮ' ಎಂದ, ಚಹಾ ತರಿಸಿದ. ಕಂಪ್ಯೂಟರಿನಲ್ಲಿ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ತೆರೆದು ಯುವಿಸಿಇ ಎಲೆಕ್ಟ್ರಿಕಲ್‌ನ ಕೊನೆಯ ರ‍್ಯಾಂಕನ್ನು ಬೆರಳಿಟ್ಟು ತೋರಿಸಿದ. ನಮ್ಮವನ ರ‍್ಯಾಂಕಿಗೂ ಅದಕ್ಕೂ ಬಹಳ ದೂರವಿತ್ತು. ಅಕ್ಕನ ಮುಖ ಬಾಡಿತು. 'ಕಾಲೇಜುಗಳ ಆಯ್ಕೆ ಪಟ್ಟಿಯಲ್ಲಿ ಸಿಗದ ಕಾಲೇಜನ್ನು ಮೊದಲು ಬರೆದರೆ ರ‍್ಯಾಂಕ್ ದಂಡವಾಗುತ್ತದೆ ಅಮ್ಮ. ಖಚಿತವಾಗಿ ಸಿಗುವುದನ್ನು ಮೇಲಿಡಬೇಕು. ರಾಜ್ಯದ ವಿಶ್ವವಿದ್ಯಾಲಯದಲ್ಲೇ ಕಂಪ್ಯೂಟರ್ ಸೀಟು ಕೊಡಿಸುತ್ತೇನೆ' ಎಂದ.

ಅವನ ಆ ನಾಲ್ಕು ಮಾತಿನಲ್ಲಿ ಮೂರು ಮೋಸಗಳಿದ್ದವು. ನನಗೆ ಅವು ಅರ್ಥವಾದದ್ದು ಎಲ್ಲ ಮುಗಿದ ಮೇಲೆ.

ಮೊದಲು ಆ ಪಟ್ಟಿಯ ವಿಷಯ ಹೇಳುತ್ತೇನೆ, ಏಕೆಂದರೆ ನಮ್ಮ ಭಾಗದವರು ಹೆಚ್ಚಾಗಿ ಬೀಳುವ ಹೊಂಡ ಇದೇ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸೀಟು ಮೀಸಲು. ಹೀಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕಟ್‌ಆಫ್ ರ‍್ಯಾಂಕುಗಳನ್ನು ಒಂದೇ ಪಟ್ಟಿಯಲ್ಲಿ ಕೊಡುವುದಿಲ್ಲ. ಸಾಮಾನ್ಯ ಪಟ್ಟಿ ಒಂದು, ನಮ್ಮ ಭಾಗದ ಮೀಸಲಾತಿಯವರದ್ದು ಇನ್ನೊಂದು. ಆ ಇನ್ನೊಂದರ ಕಡತದ ಹೆಸರಿನಲ್ಲಿ ಹೈದರಾಬಾದ್ ಕರ್ನಾಟಕ ಎಂಬುದರ ಇಂಗ್ಲಿಷ್ ಮೊದಲಕ್ಷರಗಳಾದ ಎಚ್.ಕೆ. ಎಂದಿರುತ್ತದೆ. 2019ರಲ್ಲಿ ಪ್ರದೇಶದ ಹೆಸರೇ ಬದಲಾಯಿತು, ಕಡತದಲ್ಲಿ ಹಳೆಯದೇ ಉಳಿದಿತ್ತು. ಅಕ್ಕ ಉಪವಿಭಾಗಾಧಿಕಾರಿಗಳ ಕಚೇರಿಗೆ ಅಲೆದು ಮಾಡಿಸಿದ್ದ 371(ಜೆ) ಪ್ರಮಾಣಪತ್ರ ಅವನ ಮೇಜಿನ ಮೇಲೆಯೇ ಇತ್ತು. ಅದನ್ನು ಕಣ್ಣಾರೆ ಕಂಡೂ ಅವನು ನಮಗೆ ಸಾಮಾನ್ಯ ಪಟ್ಟಿ ತೋರಿಸಿದ. ನಮ್ಮದಲ್ಲದ ಪಟ್ಟಿ ನೋಡಿ ನಾವು ಹೆದರಿದೆವು.

ಇನ್ನು 'ರ‍್ಯಾಂಕ್ ದಂಡ' ಎಂಬ ಮಾತು. ಇದು ಶುದ್ಧ ಸುಳ್ಳು. ಸೀಟು ಹಂಚುವಾಗ ಕಂಪ್ಯೂಟರ್ ರ‍್ಯಾಂಕಿನ ಸರದಿಯಲ್ಲಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಮೊದಲ ಆಯ್ಕೆಯಲ್ಲಿ ಜಾಗವಿಲ್ಲದಿದ್ದರೆ ಎರಡನೆಯದು, ಅಲ್ಲೂ ಇಲ್ಲದಿದ್ದರೆ ಮೂರನೆಯದು. ಎರಡನೆಯ ಬಾಗಿಲಿಗೆ ಹೋದಾಗ 'ನೀನು ಮೊದಲ ಬಾಗಿಲು ತಟ್ಟಿ ಬಂದವನು' ಎಂದು ಯಾರೂ ಹಿಂದಕ್ಕೆ ತಳ್ಳುವುದಿಲ್ಲ. ನಲವತ್ತು ಕಾಲೇಜುಗಳನ್ನು ಬರೆದು ನಲವತ್ತನೆಯದು ಸಿಕ್ಕರೂ, ಅದನ್ನೇ ಮೊದಲು ಬರೆದಿದ್ದರೆ ಸಿಗುತ್ತಿದ್ದುದಕ್ಕಿಂತ ಅದು ಕಡಿಮೆಯದೇನಲ್ಲ. ಆದರೆ ಸುಲಭವಾಗಿ ಸಿಗುವುದನ್ನು ಮೇಲಿಟ್ಟರೆ ಅಲ್ಲಿಗೇ ಕಥೆ ಮುಗಿಯಿತು, ಯಂತ್ರ ಕೆಳಗಿನದನ್ನು ನೋಡುವುದೇ ಇಲ್ಲ. ಅವನು ಮಾಡಿದ್ದು ಇದನ್ನೇ.

'ರಾಜ್ಯದ ವಿಶ್ವವಿದ್ಯಾಲಯ' ಎಂಬುದಂತೂ ಪದಗಳ ಕೈಚಳಕ. ಖಾಸಗಿ ವಿಶ್ವವಿದ್ಯಾಲಯಗಳೂ ವಿಧಾನಮಂಡಲದ ಕಾಯ್ದೆಯಿಂದಲೇ ಹುಟ್ಟುತ್ತವೆ. ಕೈಪಿಡಿಯಲ್ಲಿ 'ಕರ್ನಾಟಕ ರಾಜ್ಯ ಅಧಿನಿಯಮದಡಿ ಸ್ಥಾಪಿತ' ಎಂದು ಹೊಳೆಯುವ ಅಕ್ಷರದಲ್ಲಿ ಅಚ್ಚಾಗಿತ್ತು, ಅದು ಸುಳ್ಳೂ ಅಲ್ಲ. ನನ್ನಂಥವನು 'ರಾಜ್ಯ' ಎಂಬ ಪದ ಕಂಡ ಕೂಡಲೇ ಸರ್ಕಾರಿ ಎಂದುಕೊಳ್ಳುತ್ತಾನೆ. ಸರ್ಕಾರದ ವಿಶ್ವವಿದ್ಯಾಲಯವೆಂದರೆ 1998ರಲ್ಲಿ ಬೆಳಗಾವಿಯಲ್ಲಿ ಶುರುವಾದ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ರಾಯಚೂರು, ಗಂಗಾವತಿ, ತಳಕಲ್, ಹೂವಿನಹಡಗಲಿಯ ಸರ್ಕಾರಿ ಕಾಲೇಜುಗಳು ಸೇರಿರುವುದು ಅದಕ್ಕೆ. ಇನ್ನು ಯುವಿಸಿಇ, ಕೃಷಿ ವಿಶ್ವವಿದ್ಯಾಲಯ. ಸರ್ಕಾರದ್ದೆಂದ ಮಾತ್ರಕ್ಕೆ ಎಲ್ಲ ಸೀಟಿಗೂ ಒಂದೇ ಶುಲ್ಕವೆಂದೂ ನಂಬಬೇಡಿ. ದಾವಣಗೆರೆಯ ಯುಬಿಡಿಟಿ ಕಾಲೇಜು ವಿಟಿಯುವಿನದ್ದೇ ಘಟಕ, ಅಲ್ಲಿ ಹೆಚ್ಚಿನ ಶುಲ್ಕದ ಕೋಟಾದ ವಿರುದ್ಧ 2024ರಲ್ಲೇ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ಕಾಲೇಜಿನ ಹೆಸರಿನ ಜೊತೆಗೆ ಸೀಟಿನ ಬಗೆಯನ್ನೂ ಅದರ ಮುಂದಿನ ಶುಲ್ಕವನ್ನೂ ಓದಬೇಕು. ನಾನು ಓದಲಿಲ್ಲ.

ಓದುವಷ್ಟು ವ್ಯವಧಾನವೂ ಆಗ ಇರಲಿಲ್ಲವೆನ್ನಿ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ತುಂಬಿದ್ದ ಅಣೆಕಟ್ಟೆಯ ನೀರು ಹೊಳೆಗೆ ಹರಿದುಹೋಗುತ್ತಿತ್ತು, ನಾಟಿ ಮಾಡಿದ ಗದ್ದೆಗೆ ಕೊನೆಯವರೆಗೆ ನೀರು ಬರುತ್ತದೋ ಇಲ್ಲವೋ ಎಂದು ಭಾವ ಉಂಡ ಅನ್ನವನ್ನೂ ಮರೆತಿದ್ದ. ವಾರದ ಬಳಿಕ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗೇಟು ಇಳಿಸಿ ನೀರು ನಿಲ್ಲಿಸುವವರೆಗೂ ಅಕ್ಕನ ಮನೆಯಲ್ಲಿ ಕಾಲೇಜಿನ ಮಾತೇ ಇಲ್ಲ. 'ನೀನು ಪೇಟೆಯಲ್ಲಿರುವವನು ತಮ್ಮಾ, ನೀನೇ ನೋಡು' ಎಂದುಬಿಟ್ಟಳು ಅಕ್ಕ.

ನಾನು ನೋಡಿದ ಚೆಂದ ಹೀಗಿದೆ. ಅರ್ಜಿಯಲ್ಲಿ ಕೊಟ್ಟಿದ್ದ ಮೊಬೈಲ್ ಸಂಖ್ಯೆ ನನ್ನದು. ಆ ಕೇಂದ್ರದವನು ಫೋನ್ ಮಾಡಿ 'ಒಂದು ಒಟಿಪಿ ಬರುತ್ತದೆ ಸರ್' ಎಂದರೆ, ಯಂತ್ರಗಳ ಸದ್ದಿನ ನಡುವೆ ಒಂದು ಕಿವಿ ಮುಚ್ಚಿಕೊಂಡು ಅಂಕಿಗಳನ್ನು ಕೂಗಿ ಹೇಳುತ್ತಿದ್ದೆ. ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಒಮ್ಮೆ ಹೇಳಿದ್ದು ಪಾಸ್‌ವರ್ಡ್ ಬದಲಿಸಲಿಕ್ಕಂತೆ. ಅಲ್ಲಿಂದ ಮುಂದೆ ಹುಡುಗನಿಗೆ ತನ್ನದೇ ಆಯ್ಕೆ ಪಟ್ಟಿ ತೆರೆಯಲು ಬಾರದಾಯಿತು.

ಅಣಕು ಸೀಟು ಹಂಚಿಕೆಯ ದಿನ ಅವನು ಫಲಿತಾಂಶ ನೋಡಿ ನನ್ನೆದುರು ಬಂದು ನಿಂತ. 'ಮಾವ, ನಾನು ಹೇಳಿದ ಕಾಲೇಜು ಇದಲ್ಲ, ನಾನು ಹೇಳಿದ ವಿಭಾಗವೂ ಇದಲ್ಲ.' ಬಂದದ್ದು ಖಾಸಗಿ ವಿಶ್ವವಿದ್ಯಾಲಯವೊಂದರ ಕೃತಕ ಬುದ್ಧಿಮತ್ತೆಯ ಕೋರ್ಸು. ಅಣಕು ಹಂಚಿಕೆ ಇರುವುದೇ ಇಂಥ ತಪ್ಪು ಕಣ್ಣಿಗೆ ಬೀಳಲೆಂದು. ಅದರ ಬಳಿಕ ಪಟ್ಟಿಯ ಕ್ರಮ ತಿದ್ದಲು ಕೆಲವು ದಿನ ಬಿಡುತ್ತಾರೆ. ನಾನು ಕೇಂದ್ರಕ್ಕೆ ಫೋನ್ ಮಾಡಿದೆ. 'ಹೆಸರೇ ಅಣಕು ಅಲ್ಲವೇ ಸರ್, ನಿಜವಾದದ್ದು ಬೇರೆ ಬರುತ್ತದೆ' ಎಂದು ನಕ್ಕ. ನಾನೂ ನಕ್ಕೆ. ಹುಡುಗ ನಗಲಿಲ್ಲ.

ಮೊದಲ ಸುತ್ತಿನಲ್ಲೂ ಅದೇ ಸೀಟು ಬಂತು. ಬರಲೇಬೇಕಲ್ಲ, ಅದೇ ಮೊದಲ ಆಯ್ಕೆಯಾಗಿತ್ತು. ಸೀಟು ಸಿಕ್ಕ ಮೇಲೆ ಅಭ್ಯರ್ಥಿಯ ಮುಂದೆ ನಾಲ್ಕು ದಾರಿಗಳಿರುತ್ತವೆ. ಒಪ್ಪಿ ಶುಲ್ಕ ಕಟ್ಟಿ ಸೇರುವುದು ಮೊದಲನೆಯದು. ಇದನ್ನು ಇಟ್ಟುಕೊಂಡೇ ಇನ್ನೂ ಮೇಲಿನ ಆಯ್ಕೆಗಾಗಿ ಮುಂದಿನ ಸುತ್ತಿಗೆ ಹೋಗುವುದು ಎರಡನೆಯದು. ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು ಮೂರನೆಯದು, ಪ್ರಕ್ರಿಯೆಯಿಂದಲೇ ಹೊರನಡೆಯುವುದು ನಾಲ್ಕನೆಯದು. ಎರಡನೆಯದು ನಮಗೆ ಇದ್ದೂ ಇಲ್ಲದಂತೆ. ಪಟ್ಟಿಯ ನೆತ್ತಿಯ ಮೇಲಿರುವುದೇ ಸಿಕ್ಕವನಿಗೆ ಅದಕ್ಕಿಂತ ಮೇಲೇನಿದೆ? ಮನೆಯಲ್ಲಿ ಕೂತು ಮಾತಾಡೋಣವೆಂದು ಅಕ್ಕ ಬಳ್ಳಾರಿಯ ಬಸ್ಸು ಹತ್ತಿದ್ದಳು. ಅವಳು ಬಂದು ಇಳಿಯುವಷ್ಟರಲ್ಲಿ ನನ್ನ ಫೋನಿಗೆ ಇನ್ನೊಂದು ಒಟಿಪಿ ಬಂದಿತ್ತು, ರೂಢಿಯಂತೆ ನಾನು ಅದನ್ನೂ ಕೂಗಿ ಹೇಳಿದ್ದೆ. ಅವನು ಮೊದಲನೆಯ ದಾರಿಯನ್ನು ಒತ್ತಿದ. ಅದನ್ನು ಒತ್ತಿದವನಿಗೆ ಮುಂದಿನ ಸುತ್ತುಗಳ ಬಾಗಿಲು ಮುಚ್ಚಿತೆಂದೇ ಲೆಕ್ಕ.

ಶುಲ್ಕ ಅವನು ಬಾಯಲ್ಲಿ ಹೇಳಿದ್ದಕ್ಕೆ ನಿಲ್ಲಲಿಲ್ಲ. ಕೌಶಲ ತರಬೇತಿಯಂತೆ, ಪ್ರಯೋಗಾಲಯವಂತೆ, ಹಾಸ್ಟೆಲ್ಲಂತೆ. ಅಕ್ಕ ಬೋರಮಾಳ ಸರ ಅಡವಿಟ್ಟಳು. ಒಂದು ವರ್ಷ ಮನೆಯಲ್ಲಿ ಕೂರಿಸಿ ಮತ್ತೆ ಸಿಇಟಿ ಬರೆಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ, ಹುಡುಗ ಸೇರಿಕೊಂಡ.

ಹಂಚಿಕೆಯ ಸುತ್ತುಗಳೆಲ್ಲ ಮುಗಿದು ಆ ವರ್ಷದ ಪಟ್ಟಿಗಳು ಬಂದಾಗ ನಮ್ಮ ಘಟಕದ ಗುಂಡಿ ಹೊಲಿಯುವ ಹುಡುಗಿಯೊಬ್ಬಳು, ಸಂಜೆ ಕಾಲೇಜಿಗೆ ಹೋಗುವವಳು, ನಮ್ಮ ಭಾಗದ ಪಟ್ಟಿಯನ್ನು ತೆರೆದು ತೋರಿಸಿದಳು. ಯುವಿಸಿಇ ಎಲೆಕ್ಟ್ರಿಕಲ್‌ನಲ್ಲಿ ನಮ್ಮ ಪ್ರವರ್ಗದ ಕಾಲಮ್ಮಿನ ಕೊನೆಯ ರ‍್ಯಾಂಕ್ ನಮ್ಮವನ ರ‍್ಯಾಂಕನ್ನು ದಾಟಿ ಕೆಳಗಿತ್ತು. ಅವನು ಅದನ್ನು ಮೊದಲು ಬರೆದಿದ್ದರೆ ಸಾಕಾಗಿತ್ತು. ಆ ಮಧ್ಯಾಹ್ನ ನಾನು ಯಂತ್ರಗಳನ್ನು ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸಿದೆ.

ಜಗಳಕ್ಕೆ ಹೋದೆ. ಅಷ್ಟರಲ್ಲಿ ಬೋರ್ಡು ಬದಲಾಗಿತ್ತು, ವಿದೇಶದಲ್ಲಿ ವೈದ್ಯಕೀಯ ಶಿಕ್ಷಣವಂತೆ. ಈ ಜನ ಮಾವಿನ ಹಣ್ಣಿನ ವ್ಯಾಪಾರಿಗಳಂತೆ, ಜೂನಿನಲ್ಲಿ ಒಂದು ಬುಟ್ಟಿ, ಅಕ್ಟೋಬರಿನಲ್ಲಿ ಇನ್ನೊಂದು. ಸಿಕ್ಕವನು 'ಒಟಿಪಿ ಕೊಟ್ಟವರು ನೀವೇ ಅಲ್ಲವೇ ಸರ್?' ಎಂದು ಕೇಳಿದ. ಹನ್ನೆರಡು ಸಾವಿರಕ್ಕೆ ಅವನು ಕೊಟ್ಟಿದ್ದ ರಸೀದಿಯಲ್ಲಿದ್ದುದು ಐದು ಸಾವಿರ, ಅದೂ 'ಸಮಾಲೋಚನೆ' ಎಂದು. ವಕೀಲರೊಬ್ಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹಿಂದಕ್ಕೆ ಕೊಟ್ಟರು. ಪ್ರತಿ ಸೀಟಿಗೂ ಅವನಿಗೆ ಆ ಸಂಸ್ಥೆಯಿಂದ ಕಮಿಷನ್ ಸಲ್ಲುತ್ತದೆ ಎಂದು ಅದೇ ಮೆಟ್ಟಿಲು ಹತ್ತಿ ಇಳಿದ ಕಂಪ್ಲಿಯ ಇನ್ನೊಬ್ಬ ತಂದೆ ಹೇಳಿದರು. ನನ್ನ ಬಳಿ ಅದಕ್ಕೆ ದಾಖಲೆಯಿಲ್ಲ, ಆದರೆ ನಂಬದಿರಲು ಕಾರಣವೂ ಇಲ್ಲ.

ಹುಡುಗ ಒಂದು ದಿನವೂ ನನ್ನನ್ನು ದೂರಿಲ್ಲ. ಕಳೆದ ದೀಪಾವಳಿಗೆ ಬಂದಾಗ ನಮ್ಮ ಘಟಕದಲ್ಲಿ ಒಂದು ಯಂತ್ರದ ಮೋಟಾರು ಸುಟ್ಟಿತ್ತು. ನೆಲದ ಮೇಲೆ ಕೂತು ಬಿಚ್ಚಿ, ತಾಮ್ರದ ತಂತಿಯನ್ನು ಸುರುಳಿ ಸುತ್ತಿ, ಸಂಜೆಯೊಳಗೆ ಓಡುವಂತೆ ಮಾಡಿದ. 'ಕಾಲೇಜಿನಲ್ಲಿ ಕಲಿಸಿದರೇ?' ಎಂದು ಕೇಳಬಾರದ್ದನ್ನು ಕೇಳಿದೆ. 'ಇಲ್ಲ ಮಾವ, ಮೊಬೈಲಿನಲ್ಲಿ ನೋಡಿ ಕಲಿತೆ' ಎಂದ.

ಅವನ ತಂಗಿ ಈಗ ಪಿಯುಸಿ ಮುಗಿಸಿ ನಮ್ಮಲ್ಲೇ ಇದ್ದಾಳೆ. ಮೊನ್ನೆ ನನ್ನ ಫೋನಿಗೆ ಒಂದು ಸಂದೇಶ ಬಂತು: 'ನಿಮ್ಮ ಮನೆಯಲ್ಲಿ ಪಿಯುಸಿ ಮುಗಿಸಿದ ಮಕ್ಕಳಿದ್ದಾರೆಯೇ? ಖಚಿತ ಸೀಟಿಗೆ ಸಂಪರ್ಕಿಸಿ.' ಅವನದೇ ಸಂಖ್ಯೆ. ಅವಳಿಗೆ ತೋರಿಸಿದೆ. ಅವಳು ಓದಿ, ಅಳಿಸಿ, ಫೋನನ್ನು ನನಗೆ ಹಿಂದಿರುಗಿಸಿದಳು. ಸಿಇಟಿ ಅರ್ಜಿಗೆ ಅವಳು ಕೊಟ್ಟಿರುವುದು ತನ್ನದೇ ಸಂಖ್ಯೆ. ನಮ್ಮ ಭಾಗದ ಕಟ್‌ಆಫ್ ಪಟ್ಟಿಯನ್ನು ಅಚ್ಚು ಹಾಕಿಸಿ ತಂದು, ಬಟ್ಟೆಗೆ ಗುರುತು ಹಾಕುವ ನನ್ನ ಸೀಮೆಸುಣ್ಣದಿಂದಲೇ ಅದರ ಮೇಲೆ ಗೆರೆ ಎಳೆಯುತ್ತ ಕೂತಿದ್ದಾಳೆ. ಹತ್ತಿರ ಹೋಗಿ ಇಣುಕಿದರೆ ಹಾಳೆಯನ್ನು ಮಗುಚಿ ಹಾಕುತ್ತಾಳೆ.