ಸಣ್ಣ ನೆಟ್‌ವರ್ಕಿಗೆ ಡಿಎನ್‌ಎಸ್‌ಮಾಸ್ಕ್ ಹಾಕಿ, ನೆಮ್ಮದಿಯಾಗಿರಿ

ಫೋನ್ ವೈಫೈಗೆ ಸೇರಿದ ಕೂಡಲೇ ಐಪಿ ಅಡ್ರೆಸ್, ಗೇಟ್‌ವೇ, ಡಿಎನ್‌ಎಸ್ ಎಲ್ಲಾ ತಾನಾಗೇ ಬಂದುಬಿಡುತ್ತದೆ ಅಲ್ವಾ, ಅದನ್ನು ಹಂಚುವುದು ಡಿಎಚ್‌ಸಿಪಿ ಸರ್ವರ್. ರೂಟರ್ ಒಳಗೇ ಒಂದು ಇರುತ್ತದೆ ನಿಜ. ಆದರೆ ಎಷ್ಟೋ ರೂಟರ್‌ಗಳಲ್ಲಿ ಶುರುವಿನ ಅಡ್ರೆಸ್, ಕೊನೆಯ ಅಡ್ರೆಸ್ ಬಿಟ್ಟರೆ ಬದಲಿಸಲು ಜಾಸ್ತಿ ಏನೂ ಸಿಗುವುದಿಲ್ಲ. ಅದಕ್ಕೇ ನಾನು ಡಿಎನ್‌ಎಸ್‌ಮಾಸ್ಕ್ ಬಳಸುತ್ತೇನೆ. ಸೈಮನ್ ಕೆಲ್ಲಿ ಬರೆದ, ಡಿಎಚ್‌ಸಿಪಿ ಸರ್ವರ್ ಕೆಲಸ ಮಾಡುವ ಪುಟ್ಟ, ಉಚಿತ ಸಾಫ್ಟ್‌ವೇರ್ ಇದು.

ನನಗೆ ತುಂಬಾ ಹಿಡಿಸಿದ್ದು ಇದು ಅಡ್ರೆಸ್ ಕೊಡುವ ರೀತಿ. 100, 101, 102 ಅಂತ ಸಾಲಾಗಿ ಕೊಡುತ್ತಾ ಹೋಗುವುದಿಲ್ಲ. ಕೇಳಿದ ಸಾಧನದ ಮ್ಯಾಕ್ ಅಡ್ರೆಸ್ (ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಮೇಲೆ ಲೆಕ್ಕ ಹಾಕಿ ಐಪಿ ಆರಿಸುತ್ತದೆ, ಹಾಗಾಗಿ ಲೀಸ್ (ಅಡ್ರೆಸ್ ಬಳಸಲು ಕೊಟ್ಟ ಅವಧಿ) ಮುಗಿದು ಎಷ್ಟೋ ದಿನ ಬಿಟ್ಟು ಬಂದ ಲ್ಯಾಪ್‌ಟಾಪಿಗೂ ಸಾಮಾನ್ಯವಾಗಿ ಹಳೇ ಅಡ್ರೆಸ್ಸೇ ಸಿಗುತ್ತದೆ. ಹೊಸದಾಗಿ ಕೊಡುವ ಮುಂಚೆ ಒಂದು ಪಿಂಗ್ ಕಳಿಸಿ, ಆ ಅಡ್ರೆಸ್ಸನ್ನು ಬೇರೆ ಯಾವುದಾದರೂ ಸಾಧನ ಬಳಸುತ್ತಿದೆಯಾ ಅಂತಲೂ ನೋಡಿಕೊಳ್ಳುತ್ತದೆ. ಪ್ರಿಂಟರ್‌ಗೆ ಅಡ್ರೆಸ್ ಬದಲಾಗಲೇಬಾರದು ಅಂದರೆ ಕಾನ್ಫಿಗ್ ಫೈಲಿನಲ್ಲಿ ಅದರ ಮ್ಯಾಕ್, ಐಪಿ ಬರೆದ ಒಂದೇ ಸಾಲು ಸಾಕು.

ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಅಂತೂ ಬಹಳ ಚೆನ್ನಾಗಿದೆ. ಡಿಸ್ಕವರ್ (ಸಾಧನ ಸರ್ವರ್ ಹುಡುಕುವುದು), ಆಫರ್ (ಸರ್ವರ್ ಅಡ್ರೆಸ್ ಮುಂದಿಡುವುದು), ರಿಕ್ವೆಸ್ಟ್ (ಸಾಧನ ಅದನ್ನು ಕೇಳುವುದು), ಆಕ್ (ಸರ್ವರ್ ಒಪ್ಪುವುದು) ಅಂತ ನಾಲ್ಕೂ ಹೆಜ್ಜೆ ಕಣ್ಣೆದುರೇ ಕಾಣುತ್ತವೆ. ಯಾವುದೋ ಕಂಪ್ಯೂಟರ್ 169.254ರಿಂದ ಶುರುವಾಗುವ ಅಡ್ರೆಸ್ ತೋರಿಸುತ್ತಿದೆ ಅಂದುಕೊಳ್ಳಿ, ಅಂದರೆ ಅದಕ್ಕೆ ಯಾವ ಸರ್ವರಿಂದಲೂ ಅಡ್ರೆಸ್ ಸಿಕ್ಕಿಲ್ಲ, ತಾನೇ ಒಂದು ಇಟ್ಟುಕೊಂಡಿದೆ. ಲಾಗಿನಲ್ಲಿ ಅದರ ಡಿಸ್ಕವರ್ ಬಂದೇ ಇಲ್ಲದಿದ್ದರೆ ಮೊದಲು ಕೇಬಲ್, ಸ್ವಿಚ್ ನೋಡಿ. ಡಿಸ್ಕವರ್ ಬಂದು ಆಫರ್ ಹೋಗಿ ಮತ್ತೆ ಮತ್ತೆ ಡಿಸ್ಕವರ್ರೇ ಬರುತ್ತಿದ್ದರೆ ಉತ್ತರ ಅಲ್ಲಿಗೆ ತಲುಪುತ್ತಿಲ್ಲ. ಸುಮ್ನೆ ಎಲ್ಲವನ್ನೂ ರೀಸ್ಟಾರ್ಟ್ ಮಾಡುತ್ತಾ ಕೂರುವುದು ತಪ್ಪುತ್ತದೆ.

ಲೀಸ್ ಅವಧಿ ಹೇಳದಿದ್ದರೆ ಐಪಿವಿ4ಗೆ 1 ಗಂಟೆ ಇಟ್ಟುಕೊಳ್ಳುತ್ತದೆ. ಅರ್ಧ ಅವಧಿ ಕಳೆದಾಗಲೇ ಸಾಧನಗಳು ನವೀಕರಣ ಕೇಳುವುದರಿಂದ ತೊಂದರೆ ಏನಿಲ್ಲ, ಆದರೂ ಮನೆಗೆ 12 ಗಂಟೆ ಒಳ್ಳೆಯದು. ಅತಿಥಿಗಳ ವೈಫೈಗೆ 1 ಗಂಟೆಯೇ ಸರಿ.

ಕೊರತೆಗಳೂ ಇವೆ. ಇದಕ್ಕೆ ತನ್ನದೇ ವೆಬ್ ಪುಟ ಇಲ್ಲ, ಟೆಕ್ಸ್ಟ್ ಫೈಲ್ ತಿದ್ದಬೇಕು, ಮುಖ್ಯ ಫೈಲ್ ತಿದ್ದಿದರೆ ರೀಸ್ಟಾರ್ಟ್ ಮಾಡಲೇಬೇಕು. ಒಂದು ಸರ್ವರ್ ಬಿದ್ದರೆ ಇನ್ನೊಂದು ಅದೇ ಲೀಸ್‌ಗಳನ್ನು ವಹಿಸಿಕೊಳ್ಳುವ ಏರ್ಪಾಡೂ ಇಲ್ಲ. ದೊಡ್ಡ ಆಫೀಸಿಗೆ ಅದು ಬೇಕೇ ಬೇಕು, ಅಂಥವರು ಐಎಸ್‌ಸಿ ಎಂಬ ಸಂಸ್ಥೆಯ ಕೀಯಾ ಅನ್ನುವ ಡಿಎಚ್‌ಸಿಪಿ ಸರ್ವರ್ ನೋಡಿ. ಅವರ ಹಳೇ ಐಎಸ್‌ಸಿ ಡಿಎಚ್‌ಸಿಪಿಯನ್ನು ಈಗ ಹೊಸದಾಗಿ ಹಾಕಬೇಡಿ, 2022ರ ಕೊನೆಗೇ ಅದರ ನಿರ್ವಹಣೆ ನಿಂತಿದೆ.

ಈಗಿನ ಫೋನ್‌ಗಳು ನಿಜವಾದ ಮ್ಯಾಕ್ ಬಚ್ಚಿಟ್ಟು ಬೇರೊಂದು ತೋರಿಸುತ್ತವೆ. ಅದು ಬದಲಾದರೆ ಕಾನ್ಫಿಗ್ ಫೈಲಿನಲ್ಲಿ ನೀವು ಆ ಫೋನಿಗೆ ಬರೆದಿಟ್ಟ ಸಾಲು ಕೆಲಸ ಮಾಡುವುದಿಲ್ಲ. ಇದು ಡಿಎನ್‌ಎಸ್‌ಮಾಸ್ಕ್ ತಪ್ಪಲ್ಲ, ಫೋನಿನಲ್ಲಿ ಮನೆಯ ವೈಫೈಗೆ ಮಾತ್ರ ಆ ಆಯ್ಕೆ ಆಫ್ ಮಾಡಿ.

ಹಾಕುವವರು ಒಂದು ಮರೆಯಬೇಡಿ. ರೂಟರಿನ ಡಿಎಚ್‌ಸಿಪಿ ಮೊದಲು ನಿಲ್ಲಿಸಿ. ಎರಡೂ ಓಡುತ್ತಿದ್ದರೆ ಸಾಧನಗಳು ಸಾಮಾನ್ಯವಾಗಿ ಮೊದಲು ಬಂದ ಆಫರನ್ನೇ ಹಿಡಿದುಕೊಳ್ಳುತ್ತವೆ, ಅದು ಯಾರದು ಅಂತ ನೋಡುವುದಿಲ್ಲ.