ರದ್ದು ಮಾಡುತ್ತೇವೆಂದು ನೀವಾಗಿ ಬರೆದುಕೊಡಬೇಡಿ
ಮಳೆಗಾಲದಲ್ಲಿ ಮೈಸೂರಿನಿಂದ ವಯನಾಡು, ಮಡಿಕೇರಿ ಕಡೆಗೆ ಪ್ಯಾಕೇಜ್ ಪ್ರವಾಸ ಕಾಯ್ದಿರಿಸುವವರು ಇದನ್ನು ಓದಿ, ಆಮೇಲೆ ಮುಂಗಡ ಕೊಡಿ.

2024ರ ಆಗಸ್ಟ್ 15ರ ರಜೆಗೆ ನಮ್ಮ ಮನೆಯವರೂ ಮಂಡ್ಯದ ಬೀಗರೂ ಸೇರಿ ಬಂಡೀಪುರದ ಮೇಲೆ ವಯನಾಡಿಗೆ ಹೊರಡುವುದಿತ್ತು. ಮೆಪ್ಪಾಡಿಯ ರೆಸಾರ್ಟಿನಲ್ಲಿ ವಸತಿ. ವಾಹನ, ಊಟ ಎಲ್ಲ ಸೇರಿಸಿ ಮೈಸೂರಿನ ಏಜೆಂಟರೊಬ್ಬರಿಗೆ ಪೂರ್ತಿ ಹಣ ಕಟ್ಟಿಯಾಗಿತ್ತು. ಜುಲೈ 30ರ ನಸುಕಿನಲ್ಲಿ ಅದೇ ಮೆಪ್ಪಾಡಿ ಪಂಚಾಯಿತಿಯ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಕುಸಿಯಿತು. 200ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಗೆ ಮೋಜಿಗೆ ಹೋಗುವ ಮಾತೆಲ್ಲಿ ಬಂತು?

ಏಜೆಂಟರು ಫೋನಿನಲ್ಲಿ ಬೆಣ್ಣೆಯಂತೆ ಮಾತನಾಡಿದರು. ‘ಹಣ ಎಲ್ಲಿಗೂ ಹೋಗುವುದಿಲ್ಲ ಸಾರ್. ಪ್ರವಾಸ ರದ್ದು ಮಾಡಿ ಎಂದು ಒಂದು ಸಂದೇಶ ಹಾಕಿಬಿಡಿ, ನಮ್ಮ ಲೆಕ್ಕಕ್ಕೆ ಬೇಕು’ ಎಂದರು. ಬೀಗರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರು. ಮರುದಿನವೇ ಧಾಟಿ ಬದಲಾಯಿತು: ರದ್ದು ಮಾಡಿದವರು ನೀವು, ರಸೀದಿಯ ಹಿಂದಿನ ಷರತ್ತಿನಂತೆ ಅರ್ಧ ಹಣ ಕಡಿತ, ಉಳಿದದ್ದಕ್ಕೆ ನಗದಲ್ಲ, ಮುಂದಿನ ಪ್ರವಾಸಕ್ಕೆ ಬಳಸಿಕೊಳ್ಳುವ ಚೀಟಿ (ಕ್ರೆಡಿಟ್ ನೋಟ್). ಅನುಮಾನ ಬಂದು ರೆಸಾರ್ಟಿಗೆ ನಾವೇ ವಿಚಾರಿಸಿದರೆ, ಕೊಠಡಿ ಬಾಡಿಗೆಯನ್ನು ಅವರು ಆಗಲೇ ಏಜೆಂಟರಿಗೆ ಮರಳಿಸಿದ್ದರು! ಸೂತಕದಲ್ಲಿದ್ದ ಊರಿನವರು ದುಡ್ಡು ಬಿಟ್ಟರು, ಇಲ್ಲಿ ಫ್ಯಾನಿನ ಕೆಳಗೆ ಕುಳಿತವರು ಬಿಡಲಿಲ್ಲ.

ಐರೋಪ್ಯ ಒಕ್ಕೂಟದಲ್ಲಿ ಇದಕ್ಕೆಂದೇ 2015ರ ನಿರ್ದೇಶನವಿದೆ. ಹೋಗಬೇಕಾದ ಜಾಗದಲ್ಲಿ ವಿಕೋಪ ಸಂಭವಿಸಿ ಪ್ರವಾಸಕ್ಕೆ ದೊಡ್ಡ ಅಡ್ಡಿಯಾದರೆ, ಪ್ರವಾಸಿಗರೇ ರದ್ದು ಮಾಡಿದರೂ ಶುಲ್ಕವಿಲ್ಲ. 14 ದಿನದೊಳಗೆ ಪೂರ್ತಿ ಹಣ ವಾಪಸ್. ನಮ್ಮಲ್ಲಿ ಆಸರೆಯೆಂದರೆ 1872ರ ಕರಾರು ಕಾಯ್ದೆ. ನೆರವೇರಿಸಲು ಅಸಾಧ್ಯವಾದ ಕರಾರು ಅನೂರ್ಜಿತ ಎನ್ನುತ್ತದೆ 56ನೇ ಕಲಂ. ಹಾಗಾದಾಗ ಪಡೆದದ್ದನ್ನು ಹಿಂದಿರುಗಿಸಬೇಕು ಎನ್ನುತ್ತದೆ 65ನೇ ಕಲಂ. ‘ನೀವೇ ಬೇಡವೆಂದಿರಿ’ ಎಂದು ಬರೆಸಿಕೊಂಡರೆ ಈ ಎರಡನ್ನೂ ಬದಿಗೆ ತಳ್ಳಿ ಷರತ್ತನ್ನು ಮುಂದೆ ಹಿಡಿಯಬಹುದಲ್ಲ, ಸಂದೇಶದ ಅವಸರ ಅದಕ್ಕೇ. ನೀವು ಕೇಳಬೇಕಾದದ್ದು ಇಷ್ಟು: ‘ಒಪ್ಪಿಕೊಂಡ ದಿನ, ಒಪ್ಪಿಕೊಂಡ ಸ್ಥಳಕ್ಕೆ ಹೇಗೆ ಕರೆದೊಯ್ಯುತ್ತೀರಿ? ಬರೆದು ತಿಳಿಸಿ.’ ಆಗುವುದಿಲ್ಲ ಎಂದು ಅವರ ಕಡೆಯಿಂದಲೇ ಬರಲಿ. ಆದರೆ ದಾರಿಯೂ ರೆಸಾರ್ಟೂ ತೆರೆದಿದ್ದು, ಮಳೆಗೆ ಹೆದರಿ ನೀವು ಹಿಂದೆ ಸರಿದರೆ ಈ ವಾದ ನಿಲ್ಲುವುದು ಕಷ್ಟ.

ಗ್ರಾಹಕ ಸಹಾಯವಾಣಿ 1915. ಅದರಿಂದ ಆಗದಿದ್ದರೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು, ಏಜೆಂಟರ ಕಚೇರಿ ಯಾವ ಊರಿನಲ್ಲಿದ್ದರೂ ಸರಿ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. 2 ವರ್ಷದೊಳಗೆ ಸಲ್ಲಿಸಬೇಕು.

ಹಣ ಮರಳಿಸಿದ್ದೇವೆಂದು ರೆಸಾರ್ಟಿನಿಂದ ಇಮೇಲ್ ತರಿಸಿಕೊಂಡು, ಏಜೆಂಟರಿಗೆ ನಾವು ಕಳುಹಿಸಿದ ನೋಟಿಸಿಗೆ ಲಗತ್ತಿಸಿದ ಮೇಲೆ ಕೊಠಡಿ ಬಾಡಿಗೆ ತುಟಿಪಿಟಿಕ್ಕೆನ್ನದೆ ಖಾತೆಗೆ ಬಂತು. ವಾಹನದ ಹಣ ಮಾತ್ರ ಬಂದಿಲ್ಲ. ಮೈಸೂರು ಬಿಟ್ಟು ಅಲ್ಲಾಡದ ಟೆಂಪೊ ಟ್ರಾವೆಲರಿಗೆ ಡೀಸೆಲ್ ಖರ್ಚು, ಚಾಲಕನ ಬಾಟಾ ಎಂದು ಹಿಡಿದುಕೊಂಡಿದ್ದಾರೆ. ಆ ಡೀಸೆಲಿನ ಬಿಲ್ಲು ಕೇಳಿ ನೋಂದಾಯಿತ ಅಂಚೆ ಹಾಕಿದ್ದೇವೆ.