ಚಿತ್ರಕಲಾ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘ: ಒಬ್ಬ ಆಜೀವ ಸದಸ್ಯನ ಅನಿಸಿಕೆ

ನಾವು ಕಲಿತ ಚಿತ್ರಕಲಾ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಸೇರಬೇಕೋ ಬೇಡವೋ ಎಂದು ಈಚೆಗೆ ಪಾಸಾದ ಹುಡುಗರು ಕೇಳುತ್ತಿರುತ್ತಾರೆ. ಸೇರಿ ಅಂತಲೇ ಹೇಳುತ್ತೇನೆ. ಆದರೆ ವಾರ್ಷಿಕೋತ್ಸವ ನೋಡಿ ಸೇರಬೇಡಿ, ತಿಂಗಳಿಗೊಂದು ಭಾನುವಾರ ನಡೆಯುವ ಪೋರ್ಟ್ರೇಟ್ ಕೂಟ, ಅಂದರೆ ಎದುರಿಗೆ ಕೂತವರನ್ನು ನೋಡಿ ಚಿತ್ರ ಬರೆಯುವ ಕೂಟ, ನೋಡಿ ಸೇರಿ.

ನಾನು ಗದಗ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರ. ರಾಜ್ಯೋತ್ಸವದ ಬ್ಯಾನರ್, ಗ್ಯಾದರಿಂಗಿನ ಸ್ಟೇಜು, ಗೋಡೆ ಮೇಲಿನ ಗಾದೆಮಾತು, ಎಲ್ಲದಕ್ಕೂ ನನ್ನನ್ನೇ ಕರೆಯುತ್ತಾರೆ. ಕೈಗೆ ಕೆಲಸ ಇದ್ದೇ ಇರುತ್ತದೆ, ಕೈ ತಿದ್ದುವವರು ಮಾತ್ರ ಇರುವುದಿಲ್ಲ. ಹುಬ್ಬಳ್ಳಿಯಲ್ಲಿ ಅಂಗಡಿ ಬೋರ್ಡು ಬರೆದು ಸಂಸಾರ ನಡೆಸುತ್ತಿದ್ದ ನನ್ನ ಜೊತೆಗಾರರಿಗೆ ಫ್ಲೆಕ್ಸ್ ಬಂದ ಮೇಲೆ ಆ ಕೆಲಸವೂ ಉಳಿಯಲಿಲ್ಲ. ಅವರಲ್ಲಿ ಕೆಲವರು ಮತ್ತೆ ಕುಂಚ ಹಿಡಿದದ್ದು ಈ ಕೂಟದಿಂದಲೇ.

ಮಾಡೆಲ್ ಆಗಿ ಕೂರುವವರು ಹಮಾಲರು, ಸಂತೆಗೆ ಬಂದ ಅಜ್ಜಂದಿರು. ಒಂದು ದಿನದ ಪಗಾರವನ್ನು ಸಂಘವೇ ಕೊಡುತ್ತದೆ, ಊಟವೂ ನಮ್ಮ ಜೊತೆಗೇ. ಇಪ್ಪತ್ತು ನಿಮಿಷಕ್ಕೊಮ್ಮೆ ಅವರು ಎದ್ದು ಕೈಕಾಲು ಸಡಿಲ ಮಾಡಿಕೊಳ್ಳುತ್ತಾರೆ. ತಿರುಗಿ ಬಂದು ಕೂತಾಗ ಅದೇ ಭಂಗಿ ಸಿಗಲಿ ಎಂದು ಪಾದದ ಸುತ್ತ, ಕುರ್ಚಿ ಕಾಲಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದಿರುತ್ತೇವೆ. ಒಮ್ಮೆ ರುಮಾಲು ಸುತ್ತಿದ ಅಜ್ಜನೊಬ್ಬ ಕೂತಿದ್ದ. ನಾನು ಮೀಸೆ, ರುಮಾಲಿನ ಮಡಿಕೆ ಎಲ್ಲ ಬಿಡಿಸಿದ್ದೆ. ಹಿರಿಯರೊಬ್ಬರು ಹಿಂದೆ ಬಂದು ನಿಂತು, "ಮೀಸಿ ಛಲೋ ಬಂದೈತಿ. ಆದ್ರ ರುಮಾಲಿನ ಒಳಗ ತಲೀನ ಇಲ್ಲಲ್ಲೋ ತಮ್ಮಾ" ಅಂದರು. ನನ್ನ ಚಿತ್ರದ ಮೇಲೆ ಕೈ ಇಡಲಿಲ್ಲ. ಹಾಳೆಯ ಅಂಚಿನಲ್ಲಿ ತಲೆಬುರುಡೆಯ ಆಕಾರವೊಂದನ್ನು ಬರೆದು, ರುಮಾಲಿನ ಮೊದಲ ಸುತ್ತು ಹಣೆಗೆ ಎಲ್ಲಿ ಒತ್ತುತ್ತದೆ, ಕಿವಿಯ ಹಿಂದೆ ಎಲ್ಲಿ ಇಳಿಯುತ್ತದೆ ಎಂದು ಎರಡೇ ಗೆರೆಯಲ್ಲಿ ತೋರಿಸಿದರು. ಆ ಹಾಳೆ ಈಗ ನನ್ನ ಕ್ಲಾಸಿನಲ್ಲಿದೆ, ಮಕ್ಕಳಿಗೆ ಅದನ್ನೇ ತೋರಿಸಿ ಕಲಿಸುತ್ತೇನೆ.

ನಮ್ಮ ಕಡೆಯ ಚಿತ್ರಕಲೆ ಬೆಳೆದದ್ದೇ ಹೀಗೆ, ಬೆನ್ನ ಹಿಂದೆ ನಿಂತು ತಿದ್ದಿದ ಗುರುಗಳಿಂದ. 1956ರವರೆಗೆ ಈ ಭಾಗ ಮುಂಬೈ ಆಡಳಿತದಲ್ಲಿತ್ತು, ಚಿತ್ರ ಕಲಿಯುವವರು ಮುಂಬೈಯ ಜೆ.ಜೆ. ಕಲಾಶಾಲೆಯತ್ತಲೇ ನೋಡುತ್ತಿದ್ದರು. ಡಿ.ವಿ. ಹಾಲಭಾವಿ ಅಲ್ಲಿ ಕಲಿತು ಬಂದು ಧಾರವಾಡದಲ್ಲಿ ಶಾಲೆ ಕಟ್ಟಿದರು. ಗದಗಿನಲ್ಲಿ ಟಿ.ಪಿ. ಅಕ್ಕಿಯವರು ವಿಜಯ ಕಲಾ ಮಂದಿರ ಕಟ್ಟಿದರು. ಇಂಥವರ ಕೈಕೆಳಗೆ ಪಳಗಿದವರ ಶಿಷ್ಯರೇ ಈಗ ಕೂಟದಲ್ಲಿ ನಮ್ಮನ್ನು ತಿದ್ದುತ್ತಿರುವವರು. ಅವರಿಗೆ ವಯಸ್ಸಾಗುತ್ತಿದೆ. ಅದಕ್ಕೇ ತಡಮಾಡಬೇಡಿ ಎನ್ನುವುದು.

ಚಳಿಗಾಲದಲ್ಲಿ ಲ್ಯಾಂಡ್‌ಸ್ಕೇಪಿಗೆ ಹೊರಗೆ ಕರೆದೊಯ್ಯುತ್ತಾರೆ. ಸಾಧನಕೇರಿ, ಅಣ್ಣಿಗೇರಿ, ಲಕ್ಕುಂಡಿ. ಲಕ್ಕುಂಡಿಗೆ ಹೋದರೆ ಬೆಳಗಿನ ಬಸ್ಸಿಗೇ ಹೋಗಿ. ಕಾಶಿವಿಶ್ವನಾಥ ಗುಡಿಯ ಬಳಪದ ಕಲ್ಲಿನ ಕೆತ್ತನೆ ಓರೆಬಿಸಿಲಿನಲ್ಲಿ ಎದ್ದು ನಿಲ್ಲುತ್ತದೆ, ಹೊತ್ತು ನೆತ್ತಿಗೇರಿದರೆ ಗೋಡೆಯೆಲ್ಲ ಒಂದೇ ಬಣ್ಣ. ಮಧ್ಯಾಹ್ನ ಅಲ್ಲಿಯ ಮುಸುಕಿನ ಬಾವಿ ಎಂಬ ಹಳೆಯ ಮೆಟ್ಟಿಲುಬಾವಿಗೆ ಇಳಿದು ಕೂತರೆ ನೆರಳೂ ಸಿಗುತ್ತದೆ, ಬರೆಯಲು ವಿಷಯವೂ ಸಿಗುತ್ತದೆ.

ಸಂಘ ಮಾಡಿದ ಇನ್ನೊಂದು ಒಳ್ಳೆಯ ಕೆಲಸ, ಹಳೆಯ ಗುರುಗಳ ಜಲವರ್ಣಗಳನ್ನು ಉಳಿಸಿದ್ದು. ಸ್ಟ್ರಾಬೋರ್ಡಿಗೆ (ಹುಲ್ಲಿನಿಂದ ಮಾಡಿದ ಅಗ್ಗದ ರಟ್ಟಿಗೆ) ಅಂಟಿಸಿ ಕಟ್ಟು ಹಾಕಿಸಿದ್ದರಿಂದ ಬೋರ್ಡಿನ ಆಮ್ಲ ಇಳಿದು ಕಾಗದ ಕಂದು ತಿರುಗಿತ್ತು, ಬೆಳ್ಳಿಹುಳ ಅಂಚು ತಿಂದಿತ್ತು. ಕೆಲವನ್ನು ಬಿಡಿಸಿ ಆಮ್ಲವಿಲ್ಲದ ಬೋರ್ಡಿಗೆ ಹಾಕಿಸಿದ್ದಾರೆ. ಉಳಿದವು ಇನ್ನೂ ಟ್ರಂಕಿನಲ್ಲೇ ಇವೆ, ಮಳೆಗಾಲ ಬಂತೆಂದರೆ ನನಗೆ ಚಿಂತೆ ಹತ್ತುತ್ತದೆ.

ಇನ್ನು ಸರಿಯಿಲ್ಲದ್ದು. ವಾರ್ಷಿಕೋತ್ಸವದಲ್ಲಿ ಶಾಲು, ಹಾರ, ಭಾಷಣದಲ್ಲೇ ಹೊತ್ತು ಮುಳುಗುತ್ತದೆ, ಗೋಡೆಗೆ ಹಾಕಿದ ಚಿತ್ರಗಳನ್ನು ಗಣ್ಯರು ನಿಂತು ನೋಡುವುದೂ ಇಲ್ಲ. ಆ ಖರ್ಚಿನಲ್ಲಿ ಟ್ರಂಕಿನಲ್ಲಿರುವ ಚಿತ್ರಗಳೆಲ್ಲ ಸುಧಾರಿಸುತ್ತಿದ್ದವು. ಲೆಕ್ಕಪತ್ರ ಕೈಗೆ ಸಿಗುವುದು ತಡ. 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ವರ್ಷಕ್ಕೊಮ್ಮೆ ಸಾಮಾನ್ಯ ಸಭೆ ಕರೆದು ಸದಸ್ಯರ ಮುಂದೆ ಲೆಕ್ಕ ಇಡಬೇಕು. ಕೇಳಿದರೆ "ಕೊಡ್ತೀವ್ರಿ ಸರ" ಎನ್ನುತ್ತಾರೆ. ಪದಾಧಿಕಾರಿಗಳ ಸಭೆಗಳು ಸಂಜೆ ಏಳರ ಮೇಲೆ ಇರುವುದರಿಂದ ಹಾವೇರಿ, ರಾಣೆಬೆನ್ನೂರಿನ ಅಕ್ಕಂದಿರಿಗೆ ಬರಲಾಗುವುದಿಲ್ಲ. ಹೀಗಾಗಿ ಕಮಿಟಿಯಲ್ಲಿ ಹೆಣ್ಣುಮಕ್ಕಳೇ ಇಲ್ಲ. ಕಲಿಯುವಾಗ ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಗಟ್ಟಿ ಗೆರೆ ಇದ್ದದ್ದು ಅವರದೇ. ಸಭೆಯನ್ನು ಭಾನುವಾರದ ಕೂಟದ ದಿನವೇ ಮಧ್ಯಾಹ್ನ ಇಟ್ಟರೆ ಮುಗಿಯಿತು. ಇದನ್ನು ಬರೆದು ಕೊಟ್ಟಿದ್ದೇನೆ, ಮತ್ತೂ ಕೊಡುತ್ತೇನೆ.

ಹೊಸಬರು ಆಜೀವ ಸದಸ್ಯತ್ವದ ದುಡ್ಡು ಕಟ್ಟುವ ಮೊದಲು ಒಂದು ಕೂಟಕ್ಕೆ ಬನ್ನಿ, ಸದಸ್ಯರಲ್ಲದವರನ್ನೂ ಕೂರಿಸಿಕೊಳ್ಳುತ್ತಾರೆ. ಬೋರ್ಡು, ಕ್ಲಿಪ್ಪು, ಕಾರ್ಟ್ರಿಜ್ ಹಾಳೆ (ಡ್ರಾಯಿಂಗಿನ ದಪ್ಪ ಕಾಗದ) ನೀವೇ ತನ್ನಿ. ಹತ್ತು ಗಂಟೆ ಎಂದರೆ ಹತ್ತಕ್ಕೇ ಮಾಡೆಲ್ ಕೂತಿರುತ್ತಾರೆ. ಕಿಟಕಿ ಎಡಕ್ಕೆ ಬರುವ ಜಾಗ ಬೇಕಿದ್ದರೆ ಒಂಬತ್ತೂವರೆಗೆ ಬನ್ನಿ.